ಒಂದು ಗ್ರಂಥ, ಹಲವು ವ್ಯಾಖ್ಯಾನ: ಕ್ರೈಸ್ತರಲ್ಲಿ ಅಂತ್ಯಕಾಲದ ವಿಚಾರ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ—ಈ ಐದು ಊರುಗಳ ಪ್ರೌಢಶಾಲೆಗಳಲ್ಲಿ ಒಂದಾದಮೇಲೊಂದರಂತೆ ಕನ್ನಡ ಪಾಠ ಹೇಳುತ್ತ ನನ್ನ ತಲೆ ನರೆಯಿತು. ವರ್ಗವಾದಾಗಲೆಲ್ಲ ನನ್ನ ಟ್ರಂಕಿನಲ್ಲಿ ಹೊರಟ ಗ್ರಂಥಗಳಲ್ಲಿ ಕೇಶಿರಾಜನ ಶಬ್ದಮಣಿದರ್ಪಣವೂ ಉಂಟು, ಕನ್ನಡ ಸತ್ಯವೇದವೂ ಉಂಟು. ನಾನು ಕ್ರೈಸ್ತನಲ್ಲ. ಪಂಡಿತ ತರಬೇತಿಯಲ್ಲಿದ್ದಾಗ ನಮ್ಮ ಗುರುಗಳೊಬ್ಬರು, ಹೊಸಗನ್ನಡ ಗದ್ಯ ಬೆಳೆದ ಬಗೆಯನ್ನು ತಿಳಿಯಬೇಕಾದರೆ ಸತ್ಯವೇದದ ಭಾಷಾಂತರವನ್ನೂ ಓದಬೇಕೆಂದು ಹೇಳಿದ್ದರು. ಅಂದು ಕೊಂಡ ಪ್ರತಿ ಅದು. ಭಾಷೆಗಾಗಿ ಓದಿದ ಪುಸ್ತಕ ಮುಂದೊಂದು ದಿನ ಒಬ್ಬ ಹುಡುಗನ ಓದಿನ ಸಲುವಾಗಿ ಬೇಕಾದೀತೆಂದು ನಾನು ಎಣಿಸಿರಲಿಲ್ಲ.

೨೦೧೬ರ ಮಾತು. ನಾನಾಗ ವಾಡಿಯಲ್ಲಿದ್ದೆ. ಹತ್ತನೆಯ ತರಗತಿಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾದ ಹುಡುಗನೊಬ್ಬ ಪಿಯುಸಿಗೆ ಸೇರಲಿಲ್ಲವೆಂದು ಕೇಳಿ ಅವನ ಮನೆಗೆ ಹೋದೆ. ತಂದೆ ಫರಸಿ ಕಲ್ಲಿನ ಖಣಿಯಲ್ಲಿ ದುಡಿಯುವವರು. ಕುಡಿತವಿಲ್ಲ, ಸಾಲವಿಲ್ಲ, ಮಾತೂ ಕಡಿಮೆ. ದುಡ್ಡಿನ ತೊಂದರೆಯೇ ಎಂದು ಕೇಳಿದೆ. “ದುಡ್ಡಿನ ಮಾತಲ್ರಿ ಸರ. ಇನ್ನ ಎರಡು ವರ್ಷದಾಗ ಕರ್ತ ಬರ್ತಾನಂತ ಲೆಕ್ಕ ಆಗ್ಯದ. ಇವ ಓದಿ ಯಾವ ನೌಕರಿ ಮಾಡಬೇಕ್ರಿ?” ಎಂದರು. ಹುಡುಗ ಗೋಡೆಗೆ ಒರಗಿ ನೆಲ ನೋಡುತ್ತಿದ್ದ. ಒಳಗಿನಿಂದ ಅವನ ಅಜ್ಜಿ, ಚಿಂಚೋಳಿ ಕಡೆಯ ಹಳೆಯ ಮೆಥಡಿಸ್ಟ್ ಸಭೆಯವರು, “ನಮ್ಮ ಕಾಲದಾಗ ಪಾದ್ರಿಗಳು ಹಿಂಗ ತಾರೀಖು ಹೇಳ್ತಿದ್ದಿಲ್ಲ ನೋಡ್ರಿ ಮಾಸ್ತರ” ಎಂದರು. ಮಗ ಈಚೆಗೆ ಬೇರೊಂದು ಪ್ರಾರ್ಥನಾ ಕೂಟಕ್ಕೆ ನಡೆದುಕೊಳ್ಳುತ್ತಿದ್ದರು. ಅವರು ತಾಯಿಗೆ ಎದುರಾಡಲಿಲ್ಲ. ಎದ್ದು ಹೋಗಿ ಒಂದು ಅಚ್ಚಿನ ಹಾಳೆಯನ್ನು ತಂದು ನನ್ನ ಕೈಯಲ್ಲಿಟ್ಟರು. ಉದ್ದಕ್ಕೆ ಒಂದು ಗೆರೆ, ಗೆರೆಯ ಮೇಲೆ ವರ್ಷಗಳು, ಮೃಗಗಳ ಚಿತ್ರ, ಕೊನೆಯಲ್ಲಿ ಮೋಡ. “ನೀವು ಪಂಡಿತರಿದ್ದೀರಿ. ಇದರಾಗ ತಪ್ಪಿದ್ದರ ತೋರಿಸ್ರಿ” ಎಂದರು.

ಆ ಹಾಳೆಯನ್ನು ಮುಂದಿಟ್ಟುಕೊಂಡು ಹತ್ತು ಹದಿನೈದು ದಿನ ಓದಿದೆ. ಬೇರೆ ಬೇರೆ ಸಭೆಗಳ ಪಾದ್ರಿಗಳನ್ನು ಕಂಡು ಕೇಳಿದೆ. ಕೇಳಿದಷ್ಟೂ ಉತ್ತರಗಳು ಬೇರೆ ಬೇರೆ ಬಂದವು. ಹೊರಗಿನವರಾದ ನಾವು ‘ಕ್ರೈಸ್ತರು ಹೀಗೆ ನಂಬುತ್ತಾರೆ’ ಎಂದು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇವೆ. ಅಂತ್ಯಕಾಲದ ವಿಷಯದಲ್ಲಿ ಹಾಗೆ ಹೇಳಲು ಬರುವುದಿಲ್ಲ. ಕ್ರಿಸ್ತನು ಮರಳಿ ಬರುವನು, ಸತ್ತವರು ಏಳುವರು, ನ್ಯಾಯತೀರ್ಪು ಉಂಟು—ಇಷ್ಟರಲ್ಲಿ ಹೆಚ್ಚುಕಡಿಮೆ ಎಲ್ಲರೂ ಒಂದು. ಯಾವಾಗ, ಯಾವ ಕ್ರಮದಲ್ಲಿ, ಹಿಂದೆ ಹೇಳಿದ ಗುರುತುಗಳಲ್ಲಿ ಯಾವುವು ಆಗಿಹೋದುವು, ಯಾವುವು ಉಳಿದಿವೆ ಎಂಬಲ್ಲಿ ಹದಿನೆಂಟು ನೂರು ವರ್ಷಗಳಿಗೂ ಹೆಚ್ಚು ಕಾಲದಿಂದ ಅವರಲ್ಲಿಯೇ ವಾದ ನಡೆದಿದೆ.

ವಾದಕ್ಕೆ ಮೂಲವಾದ ಗ್ರಂಥಗಳು ಮುಖ್ಯವಾಗಿ ಎರಡು. ಹಳೆಯ ಒಡಂಬಡಿಕೆಯಲ್ಲಿ ದಾನಿಯೇಲನದು; ಹೊಸ ಒಡಂಬಡಿಕೆಯ ಕಟ್ಟಕಡೆಯಲ್ಲಿ ಯೋಹಾನನ ಪ್ರಕಟನೆ. ಇವುಗಳ ನಡುವೆ ಮತ್ತಾಯನ ಸುವಾರ್ತೆಯ ೨೪ನೆಯ ಅಧ್ಯಾಯ, ಲೂಕನ ೨೧ನೆಯ ಅಧ್ಯಾಯ, ಥೆಸಲೊನೀಕದವರಿಗೆ ಪೌಲನು ಬರೆದ ಪತ್ರಗಳು. ‘ಪ್ರಕಟನೆ’ ಎಂಬ ಮಾತನ್ನು ಗಮನಿಸಿ. ಗ್ರೀಕ್ ಮೂಲದ ‘ಅಪೊಕಲಿಪ್ಸಿಸ್’ ಎಂದರೆ ಮುಚ್ಚಿದ್ದರ ಮುಸುಕು ತೆಗೆಯುವುದು. ಪ್ರಳಯ, ಸರ್ವನಾಶ ಎಂಬ ಅರ್ಥವೆಲ್ಲ ಆಮೇಲೆ ಜಗತ್ತಿನ ಬಾಯಲ್ಲಿ ಅಂಟಿಕೊಂಡದ್ದು. ನಮ್ಮ ಭಾಷಾಂತರಕಾರರು ಆ ಗಲಾಟೆಗೆ ಹೋಗದೆ ಮೂಲಕ್ಕೆ ಹತ್ತಿರದ ಮಾತನ್ನೇ ಹಿಡಿದರು. ಪುಸ್ತಕದ ಒಳಗಿರುವುದಾದರೋ ಏಳು ಮುದ್ರೆ, ಏಳು ತುತೂರಿ, ಸಮುದ್ರದಿಂದೇಳುವ ಮೃಗ, ಆರುನೂರ ಅರುವತ್ತಾರು ಎಂಬ ಸಂಖ್ಯೆ, ಸಾವಿರ ವರ್ಷ ಸೆರೆಯಲ್ಲಿರುವ ಸೈತಾನ, ಕಡೆಗೆ ಹೊಸ ಆಕಾಶ, ಹೊಸ ಭೂಮಿ. ಪತ್ಮೊಸ್ ಎಂಬ ನಡುಗಡ್ಡೆಯಲ್ಲಿದ್ದ ಯೋಹಾನನು ಇಂದಿನ ತುರ್ಕಿ ದೇಶದಲ್ಲಿದ್ದ ಎಫೆಸ ಮೊದಲಾದ ಏಳು ಊರುಗಳ ಸಭೆಗಳಿಗೆ ಇದನ್ನು ಬರೆದನು. ರೋಮಿನ ದೊರೆ ಡೊಮಿಷಿಯನ್ನನ ಕಾಲ, ಕ್ರಿ. ಶ. ೯೫ರ ಸುಮಾರು, ಎಂಬುದು ಬಹು ಮಂದಿ ವಿದ್ವಾಂಸರ ಮತ.

ವ್ಯಾಖ್ಯಾನಗಳು ಏಕೆ ಬೇರೆಯಾಗುತ್ತವೆಂಬುದು ನನಗೆ ತಿಳಿದದ್ದು ವ್ಯಾಕರಣದಿಂದ. ಕ್ರಿಯಾಪದಕ್ಕೆ ಭೂತ, ವರ್ತಮಾನ, ಭವಿಷ್ಯತ್ ಎಂದು ಮೂರು ಕಾಲಗಳೆಂದು ಮಕ್ಕಳಿಗೆ ಹೇಳುತ್ತೇವಲ್ಲವೇ? ಯೋಹಾನನ ದರ್ಶನವನ್ನು ಒಬ್ಬೊಬ್ಬರು ಒಂದೊಂದು ಕಾಲದಲ್ಲಿಟ್ಟು ಓದುತ್ತಾರೆ, ಅಷ್ಟೆ.

ಭೂತಕಾಲದಲ್ಲಿ ಓದುವವರು ಹೇಳುವುದು ಹೀಗೆ: ಪತ್ರ ಬರೆದದ್ದು ಏಳು ಸಭೆಗಳಿಗೆ; ಅವರಿಗೆ ಅರ್ಥವಾಗಬೇಕಾದ ಮಾತನ್ನೇ ಬರೆದಿರಬೇಕು. ಮೃಗವೆಂದರೆ ಅವರನ್ನು ಹಿಂಸಿಸುತ್ತಿದ್ದ ರೋಮ್ ರಾಜ್ಯ. ಯೆರೂಸಲೇಮಿನ ದೇವಾಲಯ ಕ್ರಿ. ಶ. ೭೦ರಲ್ಲಿ ರೋಮನರ ಕೈಯಲ್ಲಿ ಸುಟ್ಟುಹೋಯಿತು. ಯೇಸು ಮುಂತಿಳಿಸಿದ ಸಂಕಟ ಅದೇ. ದಾನಿಯೇಲನ ಮೃಗಗಳೂ ಹಾಗೆಯೇ. ಅವುಗಳಲ್ಲಿ ಕೊನೆಯದರ ಕೊಂಬು ಕ್ರಿ. ಪೂ. ೧೬೭ರಲ್ಲಿ ದೇವಾಲಯವನ್ನು ಹೊಲೆಗೆಡಿಸಿದ ಆಂಟಿಯೊಕಸ್ ದೊರೆ.

ಈ ಪಕ್ಷದವರ ಬಲವಾದ ಆಧಾರ ಆರುನೂರ ಅರುವತ್ತಾರರ ಸಂಖ್ಯೆ. ಇದು ನಮಗೆ ಹೊಸದಾಗಿ ಕಾಣಬೇಕಾದದ್ದಿಲ್ಲ. ಕಟಪಯಾದಿ ಸೂತ್ರ ನಮ್ಮದೇ. ಸಂಗೀತ ಕಲಿತವರನ್ನು ಕೇಳಿ: ‘ಮೇಚಕಲ್ಯಾಣಿ’ ಎಂಬಲ್ಲಿ ‘ಮ’ಕಾರಕ್ಕೆ ಐದು, ‘ಚ’ಕಾರಕ್ಕೆ ಆರು; ತಿರುಗಿಸಿ ಓದಿದರೆ ಅರುವತ್ತೈದನೆಯ ಮೇಳ. ಹೀಬ್ರೂ ಮತ್ತು ಗ್ರೀಕ್ ಜನಕ್ಕೆ ಬೇರೆ ಅಂಕಿಗಳಿರಲಿಲ್ಲ, ಅಕ್ಷರಗಳೇ ಅಂಕಿಗಳು. ‘ನೇರೋನ್ ಕೈಸರ’ ಎಂಬ ಹೆಸರನ್ನು ಹೀಬ್ರೂ ಅಕ್ಷರಗಳಲ್ಲಿ ಬರೆದು ಕೂಡಿಸಿದರೆ ಆರುನೂರ ಅರುವತ್ತಾರು ಬರುತ್ತದೆ. ಕೆಲವು ಪುರಾತನ ಹಸ್ತಪ್ರತಿಗಳಲ್ಲಿ ಆರುನೂರ ಹದಿನಾರು ಎಂಬ ಪಾಠಾಂತರ ಉಂಟು. ಹೆಸರನ್ನು ಲ್ಯಾಟಿನ್ನಿನಂತೆ ‘ನೇರೋ’ ಎಂದು ಕಡೆಯ ನಕಾರವಿಲ್ಲದೆ ಬರೆದರೆ ಐವತ್ತು ಕಳೆದು ಸರಿಯಾಗಿ ಆ ಸಂಖ್ಯೆಯೇ ನಿಲ್ಲುತ್ತದೆ! ಪಾಠಾಂತರವೂ ಅರ್ಥಕ್ಕೆ ಸಾಕ್ಷಿ ನುಡಿಯುವ ಇಂಥ ಪ್ರಸಂಗ ಗ್ರಂಥಸಂಪಾದನೆ ಮಾಡುವವರಿಗೆ ಅಪರೂಪಕ್ಕೆ ಸಿಕ್ಕುವ ಸುಖ. ಈ ಕಾಲದ ಬಾರ್‌ಕೋಡು, ಆಧಾರ್ ಚೀಟಿ, ೨೦೨೧ರ ಕೋವಿಡ್ ಲಸಿಕೆ ಇವುಗಳಲ್ಲೆಲ್ಲ ‘ಮೃಗದ ಗುರುತು’ ಇದೆಯೆಂದು ಮೊಬೈಲಿನಲ್ಲಿ ಬಂದದ್ದನ್ನು ನಂಬಿ ಸೂಜಿ ಹಾಕಿಸಿಕೊಳ್ಳಲು ಹೆದರಿದವರನ್ನು ನಾನು ಕಂಡಿದ್ದೇನೆ. ಅಂಥವರಿಗೆ ಈ ನೇರೋನ ಲೆಕ್ಕವನ್ನು ಯಾರಾದರೂ ಕುಳ್ಳಿರಿಸಿ ಹೇಳಿದ್ದರೆ ಚೆನ್ನಾಗಿತ್ತು.

ಎರಡನೆಯ ಪಕ್ಷದವರಿಗೆ ಪ್ರಕಟನೆಯೆಂದರೆ ಯೋಹಾನನ ಕಾಲದಿಂದ ಲೋಕಾಂತ್ಯದವರೆಗೆ ನಡೆಯುತ್ತಲೇ ಇರುವ ಚರಿತ್ರೆ. ಒಂದೊಂದು ಮುದ್ರೆ ಒಂದೊಂದು ಯುಗ. ಯುರೋಪಿನಲ್ಲಿ ಲೂಥರನ ಸುಧಾರಣೆಯಾದ ಮೇಲೆ ಪ್ರಾಟೆಸ್ಟಂಟರಲ್ಲಿ ಬಹುಕಾಲ ಪ್ರಬಲವಾಗಿದ್ದುದು ಇದು. ಅವರು ಮೃಗವೆಂದು ತೋರಿಸಿದ್ದು ರೋಮಿನ ಪೋಪನ ಪೀಠವನ್ನು. ಕ್ಯಾಥೊಲಿಕರು ಸುಮ್ಮನಿರುವರೇ? ರಿಬೇರಾ ಎಂಬ ಜೆಸುಯಿಟ್ ಪಂಡಿತ ಇದೆಲ್ಲ ಬಹುಮಟ್ಟಿಗೆ ಮುಂದೆ ಆಗುವುದೆಂದೂ, ಅಲ್ಕಾಸಾರ್ ಎಂಬ ಇನ್ನೊಬ್ಬ ಜೆಸುಯಿಟ್ ಬಹುಮಟ್ಟಿಗೆ ಹಿಂದೆ ಆದುದೆಂದೂ ವ್ಯಾಖ್ಯಾನ ಬರೆದರು. ಇಂದು ಪ್ರಾಟೆಸ್ಟಂಟರಲ್ಲಿಯೇ ಭವಿಷ್ಯತ್ ಪಕ್ಷದವರೂ ಭೂತ ಪಕ್ಷದವರೂ ತಮ್ಮ ತಮ್ಮಲ್ಲಿ ಕಾದಾಡುವಾಗ ಇಬ್ಬರ ಆಯುಧಗಳೂ ಮೊದಲು ಸಾಣೆ ಕಂಡದ್ದು ಜೆಸುಯಿಟರ ಮಠದಲ್ಲಿ ಎಂಬುದು ಸೋಜಿಗ.

ನಾಲ್ಕನೆಯ ಪಕ್ಷವನ್ನು ವಿವರಿಸಲು ನಮ್ಮ ಕನ್ನಡವೇ ನೆರವಾಗುತ್ತದೆ. ‘ಸೂರ್ಯನು ಮೂಡಣದಲ್ಲಿ ಹುಟ್ಟುವನು’ ಎನ್ನುತ್ತೇವೆ. ರೂಪ ಭವಿಷ್ಯತ್ತಿನದು, ಅರ್ಥವೋ, ಎಂದೆಂದಿಗೂ ನಡೆಯುವಂಥದು. ನಾಲ್ಕನೆಯವರು ಪ್ರಕಟನೆಯ ಕ್ರಿಯಾಪದಗಳನ್ನೆಲ್ಲ ಹೀಗೆ ಓದುತ್ತಾರೆ. ಮೃಗವು ಯಾವೊಬ್ಬ ದೊರೆಯೂ ಅಲ್ಲ. ಅಧಿಕಾರ ಮದವೇರಿ ದೇವರ ಸ್ಥಾನಕ್ಕೆ ಕೈಹಾಕಿದಾಗಲೆಲ್ಲ ಮೃಗ ಏಳುವುದು, ಬೀಳುವುದು. ಈ ನಾಲ್ಕೂ ಒಂದೊಂದು ಜಾತಿಯ ಸೊತ್ತಲ್ಲವೆಂಬುದನ್ನೂ ಹೇಳಬೇಕು. ಒಂದೇ ಸಭೆಯ ಒಂದೇ ಬೆಂಚಿನಲ್ಲಿ ಕುಳಿತವರಲ್ಲಿ ಎರಡು ಮೂರು ಪಕ್ಷಗಳಿರಬಹುದು.

ಈ ಲೆಕ್ಕಾಚಾರ ನಮ್ಮ ಕನ್ನಡ ಕ್ರೈಸ್ತರಿಗೆ ಸಂಬಂಧಿಸಿದ್ದು ಹೇಗೆ? ಇಲ್ಲಿ ನಾನು ಜರ್ಮನಿಯ ಒಬ್ಬ ಪಂಡಿತನನ್ನು ಪರಿಚಯಿಸಬೇಕು. ಆತ ಯೋಹಾನ್ ಆಲ್ಬ್ರೆಖ್ಟ್ ಬೆಂಗೆಲ್ (೧೬೮೭–೧೭೫೨), ವುರ್ಟೆಂಬರ್ಗ್ ಸೀಮೆಯವನು, ಬಹುಕಾಲ ಶಾಲಾಮಾಸ್ತರ. ಗ್ರೀಕ್ ಹೊಸ ಒಡಂಬಡಿಕೆಯ ಹಸ್ತಪ್ರತಿಗಳನ್ನು ತೂಗಿ ನೋಡಿ ೧೭೩೪ರಲ್ಲಿ ಶುದ್ಧ ಪಾಠವನ್ನು ಅಚ್ಚು ಹಾಕಿಸಿದ. ಎರಡು ಪಾಠಗಳಿದ್ದರೆ ಸುಲಭವಾದುದಕ್ಕಿಂತ ಕಠಿನವಾದುದೇ ಮೂಲವಾಗಿರುವ ಸಂಭವ ಹೆಚ್ಚು ಎಂಬ ಸೂತ್ರವನ್ನು ಹೇಳಿದವನು ಅವನು. ಲಿಪಿಕಾರ ಕಷ್ಟದ ಮಾತನ್ನು ಸುಲಭ ಮಾಡುವನೇ ಹೊರತು ಸುಲಭವನ್ನು ಕಷ್ಟ ಮಾಡಲಾರ. ಹಳಗನ್ನಡದ ಓಲೆಗರಿ ಹಿಡಿದವರಿಗೆಲ್ಲ ಇದು ಗೊತ್ತು. ಇಂಥ ಎಚ್ಚರದ ವಿದ್ವಾಂಸನೇ ಪ್ರಕಟನೆಯ ಸಂಖ್ಯೆಗಳನ್ನು ಕೂಡಿ ಕಳೆದು, ೧೮೩೬ರಲ್ಲಿ ಮೃಗವು ನಾಶವಾಗಿ ಸಾವಿರ ವರ್ಷದ ಕಾಲ ಮೊದಲಾಗುವುದೆಂದು ಗೊತ್ತು ಮಾಡಿದ! ಪಾಠನಿರ್ಣಯದಲ್ಲಿ ಹೆಜ್ಜೆ ತಪ್ಪದವನು ಕಾಲನಿರ್ಣಯದಲ್ಲಿ ತಪ್ಪಿದ. ವಿದ್ವತ್ತು ಒಂದು ಕಡೆ ಇದ್ದರೆ ಎಲ್ಲ ಕಡೆಯೂ ಇರುತ್ತದೆಂದು ನಂಬುವ ನಮ್ಮಂಥ ಮಾಸ್ತರರಿಗೆ ಇದು ತುಸು ಮುಜುಗರದ ಸಂಗತಿ.

ಬೆಂಗೆಲನ ಮಾತು ಅವನ ಸೀಮೆಯಲ್ಲಿ ಆಳವಾಗಿ ಇಳಿಯಿತು. ಬೇಸಿಗೆಯೇ ಬಾರದೆ ಬೆಳೆ ಕೆಟ್ಟ ೧೮೧೬ರ ಮರುವರ್ಷ, ಅಲ್ಲಿಯ ಎಷ್ಟೋ ಒಕ್ಕಲು ಮನೆತನಗಳು ಹಸಿವಿನ ಜೊತೆಗೆ ಈ ನಿರೀಕ್ಷೆಯನ್ನೂ ಕಟ್ಟಿಕೊಂಡು ರಷ್ಯದ ದಕ್ಷಿಣಕ್ಕೂ ಕಾಕಸಸ್ ಸೀಮೆಗೂ ಗುಳೆ ಹೋದುವು. ಅದೇ ಭಕ್ತಿಯ ನೆಲದಿಂದ ನೀರು ಕುಡಿದು ಬೆಳೆದದ್ದು ೧೮೧೫ರಲ್ಲಿ ಸ್ವಿಟ್ಸರ್ಲೆಂಡಿನಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್. ಅದರ ಮೊದಲ ಮೂವರು ೧೮೩೪ರಲ್ಲಿ ಮಂಗಳೂರಿಗೆ ಬಂದರು. ಕನ್ನಡದ ಮೊದಲ ಪತ್ರಿಕೆಯಾದ ಮಂಗಳೂರ ಸಮಾಚಾರವನ್ನು ೧೮೪೩ರಲ್ಲಿ ಹೊರಡಿಸಿದ ಹರ್ಮನ್ ಮೋಗ್ಲಿಂಗ್ ಆ ವುರ್ಟೆಂಬರ್ಗಿನವನೇ. ಅವನು ಮಂಗಳೂರಿಗೆ ಬಂದದ್ದು ಬೆಂಗೆಲನು ಹೇಳಿದ ೧೮೩೬ರ ಕೊನೆಯಲ್ಲಿ. ಲೋಕವೇನೂ ಮುಗಿದಿರಲಿಲ್ಲ. ಮೋಗ್ಲಿಂಗ್ ಕನ್ನಡ ಕಲಿತ. ದಾಸರ ಪದಗಳನ್ನೂ ಜೈಮಿನಿ ಭಾರತವನ್ನೂ ಬಸವಪುರಾಣವನ್ನೂ ಕಲ್ಲಚ್ಚಿನಲ್ಲಿ ತರಿಸಿದ.

ನಮ್ಮ ಕಲಬುರಗಿ, ಬೀದರ ಸೀಮೆಯಲ್ಲಿ ಬಾಸೆಲಿನವರಲ್ಲ, ಅಮೆರಿಕದಿಂದ ಬಂದ ಮೆಥಡಿಸ್ಟರು ಬೇರೂರಿದರು. ಅವರ ಮೂಲಪುರುಷ ಇಂಗ್ಲೆಂಡಿನ ಜಾನ್ ವೆಸ್ಲಿ. ಇಲ್ಲಿಯೂ ಬೆಂಗೆಲ್ ಎದುರಾಗುತ್ತಾನೆ! ವೆಸ್ಲಿ ೧೭೫೫ರಲ್ಲಿ ಹೊಸ ಒಡಂಬಡಿಕೆಗೆ ಟಿಪ್ಪಣಿ ಬರೆದಾಗ, ಪ್ರಕಟನೆ ತನಗೆ ತಿಳಿಯಲಾರದೆಂದು ಕೈಬಿಟ್ಟಿದ್ದನೆಂದೂ ಬೆಂಗೆಲನನ್ನು ಓದಿದ ಮೇಲೆ ಧೈರ್ಯ ಬಂದಿತೆಂದೂ ಒಪ್ಪಿಕೊಂಡು, ಆ ಭಾಗವನ್ನು ಬಹುಮಟ್ಟಿಗೆ ಅವನಿಂದಲೇ ತೆಗೆದುಕೊಂಡ. ಆದರೆ ಅವನು ವರ್ಷವನ್ನು ಸಾರುತ್ತ ಹೊರಡಲಿಲ್ಲ. ೧೭೮೮ರಲ್ಲಿ, ವೆಸ್ಲಿ ಲೋಕಾಂತ್ಯದ ವರ್ಷವನ್ನು ಬೋಧಿಸಿದನೆಂಬ ಗಾಳಿಮಾತು ಎದ್ದಾಗ, ಅದು ಬೆಂಗೆಲನ ಅಭಿಪ್ರಾಯವೆಂದು ಹೇಳಿದ್ದೆನೇ ಹೊರತು ಆ ವಿಷಯದಲ್ಲಿ ನನಗೆ ಯಾವ ನಿರ್ಣಯವೂ ಇಲ್ಲವೆಂಬ ಅರ್ಥದ ಕಾಗದ ಬರೆದ. ತಮ್ಮ ಪಾದ್ರಿಗಳು ತಾರೀಖು ಹೇಳುತ್ತಿರಲಿಲ್ಲವೆಂದ ವಾಡಿಯ ಅಜ್ಜಿಯ ಮಾತಿನ ಹಿಂದೆ ಇದೆಲ್ಲ ಇತ್ತೆಂದು ನನಗೆ ಆಮೇಲೆ ತಿಳಿಯಿತು. ಮಂಗಳೂರಿನ ಸಭೆಗೂ ಚಿಂಚೋಳಿಯ ಸಭೆಗೂ ಹಿಂದೆ ಒಂದೇ ಲೆಕ್ಕ ಕೈಗೆ ಬಂದಿತ್ತು, ವರ್ಷ ಕಳೆಯಿತು, ಎರಡೂ ಸಭೆಗಳು ಉಳಿದುವು.

ಇದೆಲ್ಲ ಪರದೇಶದವರ ಹುಚ್ಚೆಂದು ನಾವು ನಗುವ ಹಾಗಿಲ್ಲ. ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನ ಬಸವಣ್ಣನ ಕಾಲಜ್ಞಾನವನ್ನು ಕೇಳದವರು ನಮ್ಮಲ್ಲಿ ಯಾರಿದ್ದಾರೆ? ವೀರ ವಸಂತರಾಯ ಬರುವನು, ಕಲ್ಯಾಣ ಮತ್ತೆ ಕಟ್ಟುವನು ಎಂಬ ಮಾತು ಕಾಲಜ್ಞಾನದ ವಚನಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಸೇಡಂ ತಾಲೂಕಿನ ಮಳಖೇಡದಲ್ಲಿ ಬಾಳಿದ ಜೈನ ವಿದ್ವಾಂಸರ ಕಾಲಗಣನೆಯೊಂದೇ ಇಂಥ ಅವಸರಕ್ಕೆ ಎಡೆಗೊಡದ್ದು. ಈಗ ನಡೆದಿರುವ ದುಷಮಾ ಕಾಲಕ್ಕೆ ಅವರು ಕೊಟ್ಟಿರುವ ಆಯುಸ್ಸು ೨೧,೦೦೦ ವರ್ಷ.

ಈ ಎರಡು ಬಗೆಯ ಕಾಲಜ್ಞಾನಗಳು ಒಮ್ಮೆ ಮುಖಾಮುಖಿಯಾದದ್ದೂ ಉಂಟು. ೧೮೪೦ರ ಸುಮಾರಿಗೆ ಹುಬ್ಬಳ್ಳಿ ಧಾರವಾಡಗಳ ಕಡೆ ಕಾಲಜ್ಞಾನದ ಗ್ರಂಥಗಳನ್ನು ನಂಬಿ ನಡೆಯುತ್ತಿದ್ದ ಒಂದು ಪಂಗಡದವರು ಬಾಸೆಲ್ ಮಿಷನ್ನಿನವರ ಬಳಿ ಬಂದರು. ಹೊರನಾಡಿನ ಗುರುಗಳು ಬಂದು ಹೊಸ ಧರ್ಮ ನಡೆಸುವರೆಂದು ತಮ್ಮ ಗ್ರಂಥದಲ್ಲಿದೆ, ಅವರು ನೀವೇ ಇರಬೇಕು ಎಂಬುದು ಅವರ ತರ್ಕ. ಮಿಷನ್ನಿನವರಿಗೆ ಹಿಗ್ಗಾಯಿತು. ಅವರು ೧೮೪೧ರಲ್ಲಿ ಗದಗಿನ ಬಳಿ ಮಲಸಮುದ್ರದಲ್ಲಿ ಒಂದು ಒಕ್ಕಲು ನೆಲೆಯನ್ನೂ ಬೆಟಗೇರಿಯಲ್ಲಿ ಠಾಣ್ಯವನ್ನೂ ಮಾಡಿದರು. ಆದರೆ ಸಭೆಗೆ ಸೇರುವ ಹೊತ್ತು ಬಂದಾಗ ಬಂದವರಲ್ಲಿ ಬಹು ಮಂದಿ ಹಿಂಜರಿದರು. ಮಲಸಮುದ್ರದ ನೆಲೆ ಬಹಳ ಕಾಲ ನಡೆಯಲಿಲ್ಲ. ಒಬ್ಬರು ವಸಂತರಾಯನನ್ನು ಹುಡುಕುತ್ತ ಬಂದವರು, ಒಬ್ಬರು ಸಾವಿರ ವರ್ಷದ ರಾಜ್ಯವನ್ನು ಹೊತ್ತು ತಂದವರು. ‘ಬರುವನು’ ಎಂಬ ಕ್ರಿಯಾಪದವೊಂದೇ, ಕರ್ತೃಪದ ಬೇರೆ.

ಇನ್ನು ಸಾವಿರ ವರ್ಷದ ಮಾತು. ಪ್ರಕಟನೆಯ ೨೦ನೆಯ ಅಧ್ಯಾಯದಲ್ಲಿ ಕ್ರಿಸ್ತನು ಭಕ್ತರೊಡನೆ ಸಾವಿರ ವರ್ಷ ಆಳುವನೆಂದಿದೆ. ಎರಡನೆಯ ಶತಮಾನದ ಜಸ್ಟಿನ್, ಐರಿನೇಯಸ್ ಮೊದಲಾದವರು ಇದನ್ನು ಇದ್ದಕ್ಕಿದ್ದಂತೆ ನಂಬಿದರು: ಕ್ರಿಸ್ತನು ಮೊದಲು ಬರುವನು, ಆಮೇಲೆ ಸಾವಿರ ವರ್ಷ. ಐದನೆಯ ಶತಮಾನದಲ್ಲಿ ಅಗಸ್ಟೀನ್ ಇದನ್ನು ಬೇರೆ ಬಗೆಯಾಗಿ ಓದಿದ. ಸಾವಿರವೆಂದರೆ ಎಣಿಕೆಯಲ್ಲ, ಪೂರ್ಣವೆಂಬುದರ ಸಂಕೇತ. ಸಭೆಯ ಈ ಕಾಲವೇ ಆ ರಾಜ್ಯ. ಕ್ಯಾಥೊಲಿಕ್ ಸಭೆಯೂ ಲೂಥರನ ಸಭೆಯೂ ಬಹುಮಟ್ಟಿಗೆ ಈ ದಾರಿಯವು. ಕ್ರಿಸ್ತನು ತೀರ್ಪಿಗೆ ಮುನ್ನ ಕಣ್ಣಿಗೆ ಕಾಣುವಂತೆ ಬಂದು ಭೂಮಿಯನ್ನು ಆಳುವನೆಂಬ ಬೋಧನೆ, ಎಷ್ಟೇ ಮೆದುವಾಗಿ ಹೇಳಿದರೂ, ನಿರಪಾಯವಲ್ಲವೆಂದು ರೋಮ್ ೧೯೪೪ರಲ್ಲಿ ತಿಳಿಸಿತು. ಮೂರನೆಯವರು ಹೇಳುವುದು: ಸುವಾರ್ತೆ ಹರಡಿ, ಶಾಲೆ ಆಸ್ಪತ್ರೆಗಳು ಬೆಳೆದು, ಲೋಕ ಮೆಲ್ಲಮೆಲ್ಲನೆ ತಿದ್ದಿಕೊಂಡು ಸಾವಿರ ವರ್ಷದ ಒಳ್ಳೆಯ ಕಾಲ ಬರುವುದು, ಕ್ರಿಸ್ತನು ಬರುವುದು ಅದರ ಕೊನೆಗೆ. ಹತ್ತೊಂಬತ್ತನೆಯ ಶತಮಾನದ ಎಷ್ಟೋ ಮಿಷನರಿಗಳು ಈ ಭರವಸೆಯಿಂದಲೇ ಹಡಗು ಹತ್ತಿದವರು. ೧೯೧೪ರ ಮಹಾಯುದ್ಧ ಈ ಭರವಸೆಯ ಬೆನ್ನು ಮುರಿಯಿತು. ನೋಡಿ, ಲೋಕ ಸುಧಾರಿಸುವುದೆಂದು ನಂಬಿದವನು ಶಾಲೆ ಕಟ್ಟಿಸುತ್ತಾನೆ. ಲೋಕ ಮುಳುಗುವ ಹಡಗೆಂದು ನಂಬಿದವನು ಹತ್ತಿದವರನ್ನು ಇಳಿಸಿಕೊಳ್ಳಲು ದೋಣಿ ಹುಡುಕುತ್ತಾನೆ. ವ್ಯಾಖ್ಯಾನದ ಭೇದ ಮನೆಯ ಖರ್ಚಿನವರೆಗೆ ಇಳಿಯುತ್ತದೆ.

ವಾಡಿಯ ಹಾಳೆ ಈ ದೋಣಿಯವರದು. ಅದರ ಮೂಲ ಜಾನ್ ನೆಲ್ಸನ್ ಡಾರ್ಬಿ (೧೮೦೦–೧೮೮೨). ದಾನಿಯೇಲನ ೯ನೆಯ ಅಧ್ಯಾಯದಲ್ಲಿ ಎಪ್ಪತ್ತು ವಾರಗಳ ಮಾತು ಬರುತ್ತದೆ. ವಾರದ ದಿನವೊಂದಕ್ಕೆ ಒಂದು ವರ್ಷವೆಂದರೆ ೪೯೦ ವರ್ಷ. ಅರುವತ್ತೊಂಬತ್ತು ವಾರಗಳು, ಅಂದರೆ ೪೮೩ ವರ್ಷಗಳು, ಯೇಸುವಿನ ಕಾಲಕ್ಕೆ ಮುಗಿದುವು. ಅಲ್ಲಿಗೆ ಗಡಿಯಾರ ನಿಂತಿತು. ಉಳಿದ ಒಂದು ವಾರ, ಏಳು ವರ್ಷ, ಇನ್ನು ಬರಬೇಕು. ಅದು ಮಹಾಸಂಕಟದ ಕಾಲ. ಅದಕ್ಕೆ ಮುಂಚೆಯೇ ಭಕ್ತರು ಮೋಡಗಳಲ್ಲಿ ಮೇಲಕ್ಕೆ ಒಯ್ಯಲ್ಪಡುವರು. ಸಂಕಟಕ್ಕೆ ಮುಂಚೆ ಒಯ್ಯುವರೋ, ನಡುವೆಯೋ, ಕಡೆಗೋ ಎಂದು ಇವರಲ್ಲಿಯೇ ಮೂರು ಒಡಕು. ಸ್ಕೋಫೀಲ್ಡ್ ಎಂಬಾತ ೧೯೦೯ರಲ್ಲಿ ಈ ವ್ಯಾಖ್ಯಾನವನ್ನು ಬೈಬಲಿನ ಪುಟಗಳ ಅಡಿಯಲ್ಲಿಯೇ ಟಿಪ್ಪಣಿಯಾಗಿ ಅಚ್ಚು ಹಾಕಿಸಿದ; ಓದುವವರಿಗೆ ಮೂಲವೆಲ್ಲಿ, ಟೀಕೆಯೆಲ್ಲಿ ಎಂಬ ಗೆರೆ ಮಸುಕಾಯಿತು. ಮಕ್ಕಳು ಗೈಡನ್ನೇ ಪಠ್ಯವೆಂದು ಓದುವುದಿಲ್ಲವೇ? ಉಳಿದ ಪಕ್ಷದವರು, ಎಪ್ಪತ್ತು ಎಂದ ಮೇಲೆ ನಡುವೆ ಎರಡು ಸಾವಿರ ವರ್ಷದ ಕಂದಕವನ್ನು ತೋಡಲು ಮೂಲದಲ್ಲಿ ಅಪ್ಪಣೆ ಎಲ್ಲಿದೆ ಎಂದು ಕೇಳುತ್ತಾರೆ. ನನಗೆ ಈ ಪ್ರಶ್ನೆ ನ್ಯಾಯವಾಗಿ ತೋರುತ್ತದೆ. ಡಾರ್ಬಿಯ ಮತದವರೆಲ್ಲರೂ ತಾರೀಖು ಹೇಳುವವರಲ್ಲವೆಂಬುದನ್ನೂ ನ್ಯಾಯಕ್ಕಾಗಿಯೇ ಹೇಳಬೇಕು. ಅವರಲ್ಲಿ ಎಚ್ಚರದವರು, ಆ ದಿನ ಯಾರಿಗೂ ತಿಳಿಯದೆಂಬ ಮತ್ತಾಯನ ಮಾತನ್ನು ಮೊದಲು ಎತ್ತಿ ತೋರಿಸುತ್ತಾರೆ.

ತಾರೀಖು ಹೇಳಿದವರ ಕಥೆ ಬಹಳ. ಅಮೆರಿಕದ ವಿಲಿಯಂ ಮಿಲ್ಲರ್ ಎಂಬ ರೈತ ದಾನಿಯೇಲನ ೨೩೦೦ ದಿನಗಳನ್ನು ವರ್ಷಗಳೆಂದು ಹಿಡಿದು ಕ್ರಿ. ಪೂ. ೪೫೭ರಿಂದ ಎಣಿಸಿದ, ಅವನ ಅನುಯಾಯಿಗಳು ಕಡೆಗೆ ೧೮೪೪ರ ಅಕ್ಟೋಬರ್ ೨೨ ಎಂದು ಗೊತ್ತು ಮಾಡಿದರು. ಕೆಲವರು ಆ ವರ್ಷ ಬೆಳೆಯನ್ನೇ ಕೊಯ್ಯಲಿಲ್ಲ. ರಾತ್ರಿಯೆಲ್ಲ ಕಾದು ಬೆ‍ಳಗಾಯಿತು. ಅವರಲ್ಲೊಂದು ಗುಂಪು, ತಾರೀಖು ಸರಿ, ಆದ ಕಾರ್ಯ ಮಾತ್ರ ಭೂಮಿಯಲ್ಲಲ್ಲ, ಪರಲೋಕದ ಗುಡಿಯಲ್ಲಿ ಎಂದು ಹೊಸ ಅರ್ಥ ಕಂಡಿತು. ಅದರಿಂದ ೧೮೬೩ರಲ್ಲಿ ಸೆವೆಂತ್ ಡೇ ಅಡ್ವೆಂಟಿಸ್ಟ್ ಸಭೆ ರೂಪುಗೊಂಡಿತು, ಮತ್ತು ಆ ಸಭೆ ಮತ್ತೆ ತಾರೀಖಿಗೆ ಕೈಹಾಕಲಿಲ್ಲ. ನಮ್ಮ ಕಾಲದಲ್ಲಿ ಅಮೆರಿಕದ ಹೆರಾಲ್ಡ್ ಕ್ಯಾಂಪಿಂಗ್ ರೇಡಿಯೋದಲ್ಲಿಯೇ ೨೦೧೧ರ ಮೇ ೨೧ ಎಂದು ಸಾರಿದ. ತಪ್ಪಿದ ಮೇಲೆ ಅಕ್ಟೋಬರ್ ಎಂದ. ಮರುವರ್ಷ ತನ್ನದು ತಪ್ಪೆಂದು ಒಪ್ಪಿಕೊಂಡ. ಒಪ್ಪಿಕೊಂಡದ್ದು ದೊಡ್ಡದು. ಅಷ್ಟರಲ್ಲಿ ಅವನನ್ನು ನಂಬಿ ಕೈಯಲ್ಲಿದ್ದುದನ್ನು ಕಳೆದುಕೊಂಡವರಿಗೆ ಅದರಿಂದ ಬಂದದ್ದೇನು?

ಹದಿನೈದು ದಿನ ಕಳೆದು ವಾಡಿಯ ಆ ಮನೆಗೆ ಮತ್ತೆ ಹೋದೆ. ಹಾಳೆಯ ಕೊನೆಯ ಮೆಟ್ಟಿಲು ಇದು: ಮತ್ತಾಯನಲ್ಲಿ ಯೇಸು ಅಂಜೂರದ ಮರವನ್ನು ನೋಡಿ ಕಾಲ ತಿಳಿಯಿರಿ ಎನ್ನುತ್ತಾನೆ, ಈ ಸಂತತಿ ಅಳಿಯುವುದಿಲ್ಲ ಎನ್ನುತ್ತಾನೆ. ಅಂಜೂರವೆಂದರೆ ಇಸ್ರಾಯೇಲ್, ಅದು ಚಿಗುರಿದ್ದು ೧೯೪೮ರಲ್ಲಿ, ಆ ರಾಜ್ಯ ಸ್ಥಾಪನೆಯಾದಾಗ, ಒಂದು ಸಂತತಿಗೆ ಎಪ್ಪತ್ತು ವರ್ಷ, ಕೂಡಿದರೆ ೨೦೧೮. ನಾನು ಹೇಳಿದೆ: ಕೂಡಿಸಿದ್ದು ಸರಿಯಾಗಿದೆ. ಆದರೆ ಇದೇ ೧೯೪೮ಕ್ಕೆ ಮೊದಲು ನಲವತ್ತು ಕೂಡಿಸಿ ೧೯೮೮ ಎಂದವರಿದ್ದರು. ಆ ವರ್ಷ ಅಮೆರಿಕದಲ್ಲಿ ಎಂಬತ್ತೆಂಟು ಕಾರಣಗಳನ್ನು ಎಣಿಸಿ ಪುಸ್ತಕವೇ ಬಂದಿತ್ತು. ಇನ್ನು ಅಂಜೂರದ ಮರ ಇಸ್ರಾಯೇಲೆಂದು ಯೇಸು ಅಲ್ಲಿ ಹೇಳಿಲ್ಲ, ಓದುವವರು ಹೇಳುತ್ತಾರೆ. ಅದೇ ಮಾತು ಲೂಕನಲ್ಲಿಯೂ ಇದೆ, ನೀವೇ ತೆಗೆದು ಓದಿರಿ ಎಂದೆ.

ಅವರು ತಮ್ಮ ಪುಸ್ತಕವನ್ನೇ ತಂದು ತೆಗೆದರು. ಬೆರಳಿಟ್ಟು ನಿಧಾನವಾಗಿ ಓದಿದರು. ಲೂಕನು ಬರೆದಿರುವುದು ಅಂಜೂರ ಮುಂತಾದ ಎಲ್ಲ ಮರಗಳ ಮಾತು. ಮತ್ತೊಮ್ಮೆ ಓದಿದರು. “ಎಲ್ಲಾ ಗಿಡ ಅಂತ ಅದರಿ” ಎಂದರು. ಅಂಜೂರ ಒಂದು ದೇಶವಾದರೆ ಉಳಿದ ಗಿಡಗಳೆಲ್ಲ ಯಾವ ದೇಶ ಎಂದು ನಾನು ಕೇಳಲಿಲ್ಲ. ಅವರೇ ಅದನ್ನು ಯೋಚಿಸುತ್ತಿದ್ದರೆಂದು ಮುಖ ಹೇಳುತ್ತಿತ್ತು.

ಇನ್ನೊಂದು ಸ್ಥಳವನ್ನೂ ತೋರಿಸಿದೆ. ಥೆಸಲೊನೀಕದವರಿಗೆ ಪೌಲನ ಎರಡನೆಯ ಪತ್ರ. ಕರ್ತನ ದಿನ ಬಂದೇ ಬಿಟ್ಟಿತೆಂಬ ಸುದ್ದಿಗೆ ಆ ಊರಿನ ಸಭೆ ಕಲಕಿ ಹೋಗಿತ್ತು. ಕೆಲವರು ದುಡಿಮೆ ಬಿಟ್ಟು ತಿರುಗುತ್ತಿದ್ದರು. ಈ ಎರಡಕ್ಕೂ ಸಂಬಂಧ ಉಂಟೆಂದು ಬಹು ಮಂದಿ ವ್ಯಾಖ್ಯಾನಕಾರರು ತಿಳಿಯುತ್ತಾರೆ. ಪೌಲನು ಅವರಿಗೆ, ಸುದ್ದಿಗೆ ಹೆದರಬೇಡಿರಿ, ಸುಮ್ಮನೆ ನಿಮ್ಮ ಕೆಲಸ ಮಾಡಿ ನಿಮ್ಮ ಅನ್ನ ಉಣ್ಣಿರಿ ಎಂದು ಬರೆದ. ಪೌಲನಿಗೂ ಕರ್ತನು ಬರುವನೆಂಬ ನಂಬಿಕೆ ಇತ್ತು. ಹುಡುಗನ ತಂದೆಗೆ ಆ ನಂಬಿಕೆಯನ್ನು ಬಿಡಿರೆಂದು ಹೇಳಲು ನಾನು ಹೋಗಿರಲಿಲ್ಲ. ಹೇಳುವ ಅಧಿಕಾರವೂ ನನಗಿಲ್ಲ.

ನಾಲ್ಕು ದಿನದ ಮೇಲೆ ಅವರು ದಂಡದ ಹಣವನ್ನೂ ಸೇರಿಸಿ ಫೀಸು ಕಟ್ಟಿ ಬಂದರು. ಕೂಟಕ್ಕೆ ಹೋಗುವುದನ್ನು ಬಿಡಲಿಲ್ಲ. ೨೦೧೮ ಬಂದು ಹೋಯಿತು. ಆ ವರ್ಷ ಹುಡುಗ ಪಿಯುಸಿ ಮುಗಿಸಿದ. ಈಚೆಗೆ ಇನ್ನೊಂದು ಹಾಳೆ ಓಡಾಡುತ್ತಿದೆ. ಸಂತತಿಗೆ ಎಂಬತ್ತು ವರ್ಷವಂತೆ, ೨೦೨೮ ಅಂತೆ. ಅದನ್ನು ನನಗೆ ತಂದುಕೊಟ್ಟವರೂ ಅವರೇ. “ಇದನ್ನೂ ನೋಡ್ರಿ ಸರ” ಎಂದರು, ನಗಲಿಲ್ಲ. ಅಂದು ಫೀಸು ಕಟ್ಟಿದ ದಿನ ಅಜ್ಜಿ ಕೇಳಿದ್ದು ಒಂದೇ ಮಾತು: “ಆ ಗಿಡದ ಮಾತು ಲೂಕನಾಗ ಎಷ್ಟನೇ ಅಧ್ಯಾಯರಿ ಮಾಸ್ತರ?” ರಸೀದಿಯ ಹಿಂಬದಿಯಲ್ಲಿ ೨೧ ಎಂದು ದೊಡ್ಡದಾಗಿ ಬರೆದುಕೊಟ್ಟೆ.